ಇಬ್ಬರ ಬಾಣಲೆ

ಪಾಸ್ಕುವಲ್ ಬದುಕಿರುವವರೆಗೆ ವಲೆನ್ಸಿಯಾದ ಆ ಚೌಕದಲ್ಲಿ ಪ್ರವಾಸಿಗರನ್ನು ನೆಮ್ಮದಿಯಾಗಿ ಕೆಟ್ಟ ಊಟ ಮಾಡಲು ಬಿಟ್ಟವನಲ್ಲ. ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ ಬಿಟ್ಟಮೇಲೆ ಅವನಿಗೆ ಅದೇ ಉದ್ಯೋಗ. ಊಟದ ಬಣ್ಣದ ಚಿತ್ರಗಳ ಬೋರ್ಡು ಇಟ್ಟ ಹೋಟೆಲಿನ ಎದುರಿಗೆ ಬೆಂಚಿನ ಮೇಲೆ ಕೂತು ಕೂಗುತ್ತಿದ್ದ.

"ಅಲ್ಲಿ ಬೇಡ ಮಾರಾಯಾ! ರಾತ್ರಿ ಹೊತ್ತು ಪಾಯೆಯಾ ಅನ್ನ ತಿಂತಾರಾ? ಒಬ್ಬನಿಗೇ ಅಂತ ಅನ್ನ ಬೇಯಿಸಿಕೊಡೋನು ಕಳ್ಳ, ತಿಳ್ಕೋ!"

ಹೆಂಡತಿ ಫಿನಾ ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಭಾನುವಾರ ಮಧ್ಯಾಹ್ನ ಮಾತ್ರ ಇಬ್ಬರೂ ನೆಲೋನ ಹೋಟೆಲಿನಲ್ಲಿ. ನಡುವೆ ಪಾಯೆಯಾದ ಅಗಲವಾದ ಬಾಣಲೆ, ಕೈಯಲ್ಲಿ ಮರದ ಚಮಚ. ಮೊಲದ ಮಾಂಸ, ಅವರೆ ಎಲ್ಲ ಮುಗಿದಮೇಲೆ ತಳ ಹಿಡಿದ ಗರಿಗರಿ ಅನ್ನಕ್ಕೆ ಜಗಳ.

"ನನ್ನ ಗಡಿ ದಾಟಬೇಡ ಕಣೇ," ಅನ್ನುತ್ತಿದ್ದ, ಚಮಚದಿಂದ ಅನ್ನದ ನಡುವೆ ಗೆರೆ ಎಳೆದು. ದಾಟುವವನು ಅವನೇ.

ಚಳಿಗಾಲದಲ್ಲಿ ಪಾಸ್ಕುವಲ್ ಸತ್ತ. ನೆಲೋ ಹೆಣಕ್ಕೆ ಹೆಗಲು ಕೊಟ್ಟ.

ಈಸ್ಟರ್ ಕಳೆದಮೇಲೆ ಫಿನಾಗೆ ಆ ಅನ್ನ ತಿನ್ನಲೇಬೇಕೆನಿಸಿತು. ಮನೆಯಲ್ಲಿ ಒಬ್ಬಳೇ ಮಾಡಿಕೊಳ್ಳಲು ಕೈ ಬರಲಿಲ್ಲ. ನೆಲೋನಲ್ಲಿಗೆ ಹೋದಳು.

"ಒಬ್ಬರಿಗೆ ಬಾಣಲೆ ಇಡಲ್ಲ ಫಿನಕ್ಕಾ," ಅಂದ ಅವನು, ಮುಖ ನೋಡದೆ. "ನಿಮ್ಮವರೇ ಈ ಟೇಬಲ್ ಕುಟ್ಟಿ ಕುಟ್ಟಿ ಹೇಳ್ತಿದ್ರಲ್ಲ. ಮೀನು ಹುರಿದುಕೊಡ್ಲಾ?"

"ಮೀನು ನಿನ್ನ ಬೆಕ್ಕಿಗೆ ಹಾಕು. ಇಬ್ಬರು ಬೇಕು ತಾನೇ? ಇರು."

ಚೌಕಕ್ಕೆ ಬಂದಳು. ಬಿಸಿಲಿಗೆ ಕುತ್ತಿಗೆ ಕೆಂಪಾದ ಪರದೇಶಿ ಪ್ರವಾಸಿಯೊಬ್ಬ ಬೋರ್ಡಿನ ಚಿತ್ರದ ಮೇಲೆ ಬೆರಳಿಟ್ಟು ನಿಂತಿದ್ದ. ಜೊತೆಗೆ ಯಾರೂ ಇಲ್ಲ.

"ಅಲ್ಲಿ ಬೇಡ ಮಾರಾಯಾ!" ಫಿನಾ ಕೂಗಿದಳು. ತೋಳು ಹಿಡಿದು ನೆಲೋನಲ್ಲಿಗೆ ಎಳೆದುಕೊಂಡೇ ಹೊರಟಳು.

"ಗಂಡನ ಕೆಲಸ ಹೆಂಡ್ತಿ ಹಿಡಿದ್ಲು, ಪುಣ್ಯಾತ್ಗಿತ್ತಿ," ಅಂದಳು ಹೂವಿನಂಗಡಿಯವಳು. ಫಿನಾ ಅಲ್ಲ ಅನ್ನಲಿಲ್ಲ.

ಪರದೇಶಿ ಬೇರೆ ತಟ್ಟೆ ಕೇಳಿದ. ಅನ್ನದ ಜೊತೆ ಹಾಲು ಹಾಕಿದ ಕಾಫಿ ಕೇಳಿದ. ನೆಲೋ ಈ ಅಪಚಾರ ನೋಡಲಾರದೆ ಕಣ್ಣು ಮುಚ್ಚಿಕೊಂಡು ತಂದುಕೊಟ್ಟ. ತಳ ಬಂದಾಗ ಪರದೇಶಿ ಚಮಚ ಕೆಳಗಿಟ್ಟ. ಸೀದುಹೋಗಿದೆ ಪಾಪ ಎಂಬಂತೆ ಅಡುಗೆಮನೆ ಕಡೆ ಮರುಕದಿಂದ ನೋಡಿ, ಬಾಣಲೆಯನ್ನು ಅವಳತ್ತ ತಳ್ಳಿದ.

ಇಡೀ ತಳ ಅವಳದೇ. ಮದುವೆಯಾದಾಗಿನಿಂದ ಆಸೆಪಟ್ಟದ್ದು ಇದಕ್ಕೇ. ಎರಡು ಚಮಚ ತಿಂದಳು. ಮೂರನೆಯದನ್ನು ಬಾಣಲೆಗೇ ವಾಪಸು ಹಾಕಿದಳು.

ಚಮಚದಿಂದ ನಡುವೆ ಗೆರೆ ಎಳೆದಳು. ಬಾಣಲೆಯನ್ನು ಮತ್ತೆ ಮಧ್ಯಕ್ಕೆ ತಂದು ಅವನ ಕೈಗೆ ಚಮಚ ಕೊಟ್ಟಳು.

"ತಿನ್ನೋ," ಅಂದಳು. "ನನ್ನ ಗಡಿ ದಾಟು."