ಫ್ರೇಹಾಳ ತಲೆಗೆ ಬಿದ್ದ ಆಶೀರ್ವಾದ

ಬೆಟ್ಟದ ತಪ್ಪಲಿನ ದಮ್ನಾತ ಊರಿನ ಯಹೂದಿ ಕೇರಿಯಲ್ಲಿ ಫ್ರೇಹಾ ಎಲ್ಲಿದ್ದಾಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಲವಂಗದ ವಾಸನೆ ಹಿಡಿದು ಹೋದರೆ ಸಾಕಿತ್ತು. ಗಂಡ ಮಖ್ಲೂಫ್ ಸೂಜಿ, ದಾರ, ಲವಂಗ, ಜೀರಿಗೆ ಕತ್ತೆಯ ಮೇಲೆ ಹೇರಿಕೊಂಡು ಬರ್ಬರರೆಂಬ ಬೆಟ್ಟದ ಕುಲದವರ ಹಳ್ಳಿಗಳಲ್ಲಿ ಮಾರುವವನು. ಕುಟ್ಟಿ, ಜರಡಿ ಹಿಡಿದು, ಪೊಟ್ಟಣ ಕಟ್ಟುವವಳು ಇವಳು. ಮದುವೆಯಾಗಿ ಬಂದಮೇಲೆ ಕೇರಿಯ ಹೆಬ್ಬಾಗಿಲು ದಾಟಿದ್ದೆಂದರೆ ತೊರೆಗೆ ಬಟ್ಟೆ ಒಗೆಯಲು ಹೋದಾಗ ಮಾತ್ರ.

ವಸಂತದ ಪಸ್ಕ ಹಬ್ಬ ಮುಗಿದ ಮೇಲೆ ಗಂಡಸರೆಲ್ಲ ಬೆಟ್ಟ ಹತ್ತುತ್ತಿದ್ದರು. ಅಲ್ಲೇ ಸುತ್ತಾಡಿಕೊಂಡಿದ್ದು, ಶರತ್ಕಾಲದಲ್ಲಿ ಹೊಸ ವರ್ಷಕ್ಕೆ ಕೊಂಬು ಊದುವ ಹೊತ್ತಿಗೆ ತಿರುಗಿ ಬರಬೇಕು. ಹೊರಡುವ ಬೆಳಿಗ್ಗೆ ಕೇರಿಯ ಗುರು ರಬ್ಬಿ ಯಾಹ್ಯಾ ಹೆಬ್ಬಾಗಿಲ ಕಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಅವರ ಕಣ್ಣು ಹೋಗಿ ವರ್ಷಗಳಾಗಿದ್ದವು. ಒಬ್ಬೊಬ್ಬರೇ ಬಂದು ಮಾತಿಲ್ಲದೆ ತಲೆ ಬಗ್ಗಿಸಿದರೆ, ಟೊಪ್ಪಿಗೆಯ ಮೇಲೆ ಕೈಯಿಟ್ಟು, "ಹೊರಟ ಕಾಲು ಇದೇ ಬಾಗಿಲಿಗೆ ತಿರುಗಲಿ, ತಿರುಗುವಾಗ ಕೈ ಬರಿದಾಗದಿರಲಿ" ಎನ್ನುತ್ತಿದ್ದರು. ಅಂಥ ಸಜ್ಜನರ ಬಾಯಿಂದ ಬಂದದ್ದನ್ನು ದೇವರು ನಡೆಸಿಕೊಡುತ್ತಾನೆ ಎನ್ನುವುದು ಆ ಕೇರಿಯಲ್ಲಿ ವಾದ ಮಾಡುವ ವಿಷಯವೇ ಅಲ್ಲ. ಬಾವಿಯಲ್ಲಿ ನೀರಿದೆ ಅಂದಷ್ಟೇ ಸಹಜ.

ಮಖ್ಲೂಫನಿಗೆ ಮಾತ್ರ ತಾಳ್ಮೆ ಇಲ್ಲ.

"ನಾನು ಸಾಲಲ್ಲಿ ನಿಂತು ಬಗ್ಗೋ ಹೊತ್ತಿಗೆ ಬೇರೆಯೋರು ಅರ್ಧ ಬೆಟ್ಟಕ್ಕೆ ಮಾರಿಬಿಟ್ಟಿರ್ತಾರೆ. ಅಜ್ಜನ ಕೈ ನನ್ನ ಕತ್ತೆಗೆ ಹುಲ್ಲು ಹಾಕುತ್ತೆ ಏನೇ?" ಎಂದು ಆ ವರ್ಷ ಎಲ್ಲರಿಗಿಂತ ಮುಂಚೆ ಕತ್ತೆ ಹೊಡೆದುಕೊಂಡು ಹೋಗಿಬಿಟ್ಟ.

ಆಶೀರ್ವಾದವಿಲ್ಲದೆ ಹೋದನಲ್ಲ ಎಂದು ಫ್ರೇಹಾ ಒಳಗೆ ಓಡಿದಳು. ಗೂಟದಲ್ಲಿ ಗಂಡನ ಹಳೇ ನಿಲುವಂಗಿ ತೂಗುತ್ತಿತ್ತು. ಹಾಕಿಕೊಂಡಳು, ಅದರ ಟೊಪ್ಪಿಗೆಯನ್ನು ಮೂಗಿನವರೆಗೂ ಎಳೆದುಕೊಂಡಳು, ಸಾಲಿನ ಕೊನೆಯಲ್ಲಿ ಹೋಗಿ ಬಗ್ಗಿದಳು. ಹೆಂಗಸು ಗಂಡಸಿನ ಬಟ್ಟೆ ಹಾಕುವುದೇ ತಪ್ಪು. ರಬ್ಬಿಯ ಕೈ ಪರಹೆಂಗಸಿನ ತಲೆ ಮುಟ್ಟುವುದು ಇನ್ನೂ ದೊಡ್ಡ ತಪ್ಪು. ಗಂಡನ ಪಾಲು ಗಂಡನಿಗೆ ತಲುಪಿದರೆ ಸಾಕು ಅಂದುಕೊಂಡಳು. ಸಂಜೆ ನೆರೆಹೊರೆಗೆ, "ನಮ್ಮೆಜಮಾನ್ರೂ ಆಶೀರ್ವಾದ ತಗೊಂಡೇ ಹೋದ್ರು" ಎಂದು ಸಾರಿಯೂ ಬಂದಳು.

ಹೊಸ ವರ್ಷದ ಕೊಂಬು ಊದಿ ಆಯಿತು. ಎಲ್ಲ ಗಂಡಸರೂ ಬಂದರು, ಮಖ್ಲೂಫ್ ಬರಲಿಲ್ಲ. ಹಬ್ಬದ ಮಾರನೆಯ ದಿನ ಅವನ ಖಾಲಿ ಕತ್ತೆಯನ್ನು ಹಿಡಿದುಕೊಂಡು ಹಮ್ಮು ಎಂಬ ಬರ್ಬರನೊಬ್ಬ ಬಂದ.

"ನಿಮ್ಮೋನು ನನ್ನ ಮನೇಲಿ ಬಿದ್ದಿದಾನೆ. ಕಣಿವೇಲಿ ಜಾರಿ ತೊಡೆ ಮುರ್ಕೊಂಡ. ಜ್ವರ ಬೇರೆ. ನಿಮ್ಮ ಧರ್ಮ ಅಂತ ನಮ್ಮ ಮಾಂಸ ಮುಟ್ಟಲ್ಲ, ಬೂದೀಲಿ ಸುಟ್ಟ ಮೊಟ್ಟೆ ತಿಂದ್ಕೊಂಡು ಎಷ್ಟು ದಿನ ಅಂತ ಇರ್ತಾನೆ? ಹಿಮ ಬಿದ್ರೆ ದಾರಿ ಮುಚ್ಚುತ್ತೆ. ಬೇಗ ಯಾರಾದ್ರೂ ಬನ್ನಿ."

ಆದರೆ ಆ ಕಣಿವೆಯಲ್ಲಿ ಎರಡು ಕುಲಗಳ ನಡುವೆ ಗುಂಡು ಹಾರುತ್ತಿತ್ತು. ಫ್ರೇಹಾ ಮೈದುನ ಇಷುವಾನ ಬಾಗಿಲಿಗೆ ಹೋದಳು.

"ಅಣ್ಣನಿಗೆ ರಬ್ಬಿಯ ಮಾತಿದೆಯಲ್ಲ ಅತ್ತಿಗೆ," ಎಂದ ಅವನು, ಗಡ್ಡ ನೀವಿಕೊಳ್ಳುತ್ತ. "ನೀನೇ ತಾನೆ ಹೇಳಿದ್ದು? ಅವನ ಕಾಲು ಅವನನ್ನ ಕರ್ಕೊಂಡ್ ಬರುತ್ತೆ. ನಡುವೆ ನಾನು ಹೋಗಿ ಗುಂಡು ತಿನ್ನೋದು ಯಾಕೆ?"

ಯಾವ ಬಾಗಿಲಿಗೆ ಹೋದರೂ ಇದೇ ಮಾತು. ಅವಳದೇ ಸುಳ್ಳು ಎಲ್ಲರ ಮನೆಯಲ್ಲೂ ಅವಳಿಗಿಂತ ಮುಂಚೆ ಹೋಗಿ ಕೂತಿತ್ತು.

ಕೊನೆಗೆ ರಬ್ಬಿಯ ಮನೆಗೆ ಹೋಗಿ ಹೊಸ್ತಿಲ ಹೊರಗೇ ನಿಂತಳು.

"ಅಜ್ಜಾ, ಅವತ್ತು ಕೊನೇಲಿ ಬಗ್ಗಿದ್ದು ಮಖ್ಲೂಫ್ ಅಲ್ಲ. ನಾನು."

"ಗೊತ್ತು. ಮಖ್ಲೂಫನ ತಲೆ ಕತ್ತೆ ವಾಸನೆ ಹೊಡೆಯುತ್ತೆ. ಸಂಜೆವರೆಗೂ ನನ್ನ ಕೈಯೆಲ್ಲ ಲವಂಗ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಒಳ್ಳೇ ಮನೆ ಹೆಂಗಸು ಗಂಡನ ಅಂಗಿ ಹಾಕ್ಕೊಂಡು ಬಂದಿದ್ಲು ಅಂತ ಡಂಗುರ ಹೊಡಿಸಬೇಕಿತ್ತಾ?"

"ಹಾಗಾದ್ರೆ ಅದನ್ನ ತೆಗೆದು ಅವರಿಗೆ ಕೊಟ್ಬಿಡಿ ಅಜ್ಜಾ."

"ತೆಗೆಯೋಕೆ ಅದು ನನ್ನ ಹತ್ರ ಎಲ್ಲಿದೆ? ನಿನ್ನ ತಲೆ ಮೇಲಿದೆ. ನಮ್ಮ ಹಿಂದಿನೋರಲ್ಲೂ ಒಬ್ಬ ಕುರುಡ ತಂದೆ ಮೋಸ ಹೋಗಿ ದೊಡ್ಡ ಮಗನ ಆಶೀರ್ವಾದಾನ ಚಿಕ್ಕ ಮಗನಿಗೆ ಕೊಟ್ಟ. ವಾಪಸ್ ಇಸ್ಕೊಳ್ಳೋಕೆ ಆಯ್ತಾ? ಮಖ್ಲೂಫನಿಗಾಗಿ ದೇವರನ್ನ ಬೇಡ್ಕೋತೀನಿ. ಆದ್ರೆ ಬೇಡೋದು ಬೇರೆ, ಕೊಟ್ಟಾಗಿರೋದು ಬೇರೆ."

ಫ್ರೇಹಾ ಆಶೀರ್ವಾದದ ಮಾತನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಮಾಡಿದಳು. ಹೊರಟ ಕಾಲು ತಿರುಗಲಿ. ಕೈ ಬರಿದಾಗದಿರಲಿ. ಕಾಲು ಅವಳದು, ಕೈಯೂ ಅವಳದೇ.

"ಅಂದ್ರೆ ಹೊರಡಬೇಕಾದೋಳು ನಾನು," ಎಂದಳು.

ಅವಳು ತಿರುಗಿ ಹೊರಟಾಗ ರಬ್ಬಿ ಹಿಂದಿನಿಂದ, "ಈ ಸಲ ನಿನ್ನ ಬಟ್ಟೇಲೇ ಹೋಗು," ಎಂದರು.

ಹಮ್ಮು ಮುಂದೆ, ಕತ್ತೆ ನಡುವೆ, ಫ್ರೇಹಾ ಹಿಂದೆ. ಹೆಂಗಸರು ಮಾಳಿಗೆಯಿಂದ ಬಗ್ಗಿ ನೋಡಿದರು. "ಇವಳಿಗೆ ತಲೆ ಕೆಟ್ಟಿದೆ ಕಣ್ರೇ," ಎಂದವಳೂ ಕೆಳಗಿಳಿದು ಬಂದು ರೊಟ್ಟಿ ಗಂಟು ಕೊಟ್ಟಳು. ಕಣಿವೆಯಲ್ಲಿ ಎರಡೂ ಕಡೆ ಬಂದೂಕಿನವರು ಕಲ್ಲಿನ ಮೇಲೆ ಕೂತಿದ್ದರು. ಯಾರೂ ಹಾರಿಸಲಿಲ್ಲ. ಹೆಂಗಸಿನ ಮೇಲೆ ಗುಂಡು ಹಾರಿಸಿದರೆ ತಮ್ಮ ಕುಲಕ್ಕೇ ಅವಮಾನ ಎಂದು ಅವರು ತಿಳಿಯುವುದಾಗಿ ಹಮ್ಮು ಆಮೇಲೆ ಹೇಳಿದ. ಫ್ರೇಹಾ ಅದಕ್ಕೆ ಎದುರಾಡಲಿಲ್ಲ. ತಾನು ನಂಬಿದ್ದನ್ನು ಬಿಡಲೂ ಇಲ್ಲ.

ಮಖ್ಲೂಫ್ ಕಣ್ಣು ಬಿಟ್ಟು ಅವಳನ್ನು ನೋಡಿದವನೇ, "ಸತ್ತೆ ಅಂದ್ಕೊಂಡೆ. ಅಲ್ಲಿಗೂ ಬಂದುಬಿಟ್ಯಾ?" ಎಂದ. ಅವಳು ಅವನ ತೊಡೆಗೆ ದಬ್ಬೆ ಕಟ್ಟಿ, ಕತ್ತೆಯ ಮೇಲೆ ಅಡ್ಡಡ್ಡ ಹಾಕಿ ಬಿಗಿದಳು. ಇಳಿಯುವ ದಾರಿಯುದ್ದಕ್ಕೂ ಅವನು ಬೈಯುತ್ತಲೇ ಬಂದ. ಬೈಗುಳ ನಿಂತಾಗೆಲ್ಲ ಅವಳು ಮುಟ್ಟಿ ನೋಡುತ್ತಿದ್ದಳು.

ಹೊಸ ವರ್ಷದ ಹತ್ತನೆಯ ದಿನ ಬರುವ ಉಪವಾಸದ ಹಬ್ಬದ ಹಿಂದಿನ ಮಧ್ಯಾಹ್ನ ಹೆಬ್ಬಾಗಿಲು ಸೇರಿದರು. ಅವಳ ಕೈಯಲ್ಲಿ ಕತ್ತೆಯ ಹಗ್ಗವಿತ್ತು, ಕತ್ತೆಯ ಮೇಲೆ ಗಂಡನಿದ್ದ. ಇಷುವಾ ನೆಲ ನೋಡಿಕೊಂಡು ಬಂದು ಅಣ್ಣನನ್ನು ಇಳಿಸಿಕೊಂಡ.

ಮಖ್ಲೂಫ್ ಬದುಕಿದ. ಕಾಲು ಮಾತ್ರ ಕುಂಟಾಗಿಯೇ ಉಳಿಯಿತು. "ಆಶೀರ್ವಾದ ಅವಳದು, ನಾನು ಬರೀ ಸಾಮಾನು. ಸಾಮಾನು ಒಂಚೂರು ಮುಕ್ಕಾಗಿ ಬಂತು, ಅಷ್ಟೇ," ಎಂದು ಬೆಟ್ಟದುದ್ದಕ್ಕೂ ಹೇಳಿಕೊಂಡು ತಿರುಗಿದ.

ಮುಂದೆ ಪ್ರತಿ ವರ್ಷ ಸಾಲಿನಲ್ಲಿ ಅವನೇ ಮೊದಲು ನಿಲ್ಲುತ್ತಿದ್ದ. ರಬ್ಬಿ ಯಾಹ್ಯಾ ಅವನ ಟೊಪ್ಪಿಗೆಯನ್ನು ಮುಟ್ಟಿ, ಕೈಯನ್ನು ಮೂಗಿನ ಹತ್ತಿರ ತಂದು, "ಕತ್ತೆ. ಸರಿಯಾದ ತಲೆಯೇ," ಎಂದು ಆಮೇಲೆ ಶುರುಮಾಡುತ್ತಿದ್ದರು. ಗಂಡಸರು ಗೊಳ್ಳೆನ್ನುತ್ತಿದ್ದರು. ಫ್ರೇಹಾ ಹೆಬ್ಬಾಗಿಲ ಒಳಗೆ ನಿಂತು, ರಬ್ಬಿಯ ಮಾತು ಕೊನೆಯವರೆಗೂ ಮುಗಿಯುವುದನ್ನು ಕೇಳಿಸಿಕೊಂಡು, ಒರಳಿನ ಕಡೆಗೆ ಹೋಗುತ್ತಿದ್ದಳು.