ಬೀಪಮ್ಮನ ಎಡಗೈ

ಬೀದಿಯ ಕೊನೆಯ ಮನೆಯ ಸೊಸೆಗೆ ಹೆತ್ತವರು ಇಟ್ಟ ಹೆಸರು ಏನೋ ಇತ್ತು, ಉಳಿದದ್ದು ಮಾತ್ರ ಮಾವ ಇಟ್ಟ ಹೆಸರು: ಬೀಪಮ್ಮ. ಫ್ಯಾಕ್ಟರಿಯಲ್ಲಿ ಅವಳದು ಸರ್ಕ್ಯೂಟ್ ಬೋರ್ಡು ಪರೀಕ್ಷಿಸುವ ಕೆಲಸ. ಮೀಟರಿನ ಎರಡು ಕಡ್ಡಿಗಳನ್ನು ಬೆಸುಗೆಯಿಂದ ಬೆಸುಗೆಗೆ ಮುಟ್ಟಿಸುತ್ತಾ ಹೋಗಬೇಕು. ದಾರಿ ಸರಿಯಿದ್ದರೆ ಮೀಟರು ಬೀಪ್ ಅನ್ನುತ್ತದೆ, ಎಲ್ಲೋ ಕಡಿದಿದ್ದರೆ ತುಟಿ ಬಿಚ್ಚುವುದಿಲ್ಲ. ಅವಳೋ, ಎರಡೂ ಕಡ್ಡಿಗಳನ್ನು ಬಲಗೈ ಒಂದರಲ್ಲೇ ಆಡಿಸುವಷ್ಟು ಪಳಗಿದವಳು.

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಶ್ವಾಸಕೋಶ ಕೈಕೊಟ್ಟ ಮೇಲೆ ಮಂಚದ ಪಕ್ಕದ ಆಮ್ಲಜನಕದ ಯಂತ್ರವೇ ಅವರ ಇಂಜಿನ್ನು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡೇ ಜೋಕು ಹೊಡೆಯುವ ಆಸಾಮಿ.

ಒಂದು ಸಂಜೆ ಆ ಯಂತ್ರ ಗೊರ್ರೆಂದು ನಿಂತೇಬಿಟ್ಟಿತು. ಸೊಸೆ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ನಳಿಗೆಯನ್ನು ಮೂಲೆಯ ಸಿಲಿಂಡರಿಗೆ ಬದಲಾಯಿಸಿದಳು. ಅದರ ಮುಳ್ಳು ಆಗಲೇ ಕೆಂಪು ಗೆರೆಯ ಪಕ್ಕ ಬಂದು ಕೂತಿತ್ತು. ಯಂತ್ರದ ರಿಪೇರಿಯವನು ನಾಳೆ ಬರುತ್ತೇನೆಂದ. ಗಂಡ ಹೊಸ ಸಿಲಿಂಡರು ತರಲು ಗಾಡಿ ಹತ್ತಿದ.

ಅವಳು ಮನೆಯಲ್ಲಿಟ್ಟಿದ್ದ ತನ್ನ ಮೀಟರು, ಬೆಸುಗೆ ಕಡ್ಡಿ ತಂದಿಟ್ಟುಕೊಂಡಳು. ಯಂತ್ರದ ಪ್ಲಗ್ಗು ಕಿತ್ತಳು, ಮುಚ್ಚಳ ಬಿಚ್ಚಿದಳು, ಬೋರ್ಡು ಹೊರಗೆಳೆದಳು. ಎಡಗೈಯಲ್ಲಿ ಒತ್ತಿ ಹಿಡಿದು ಕಡ್ಡಿ ಮುಟ್ಟಿಸಿದಳು. ಬೀಪ್. ಮುಂದಿನದೂ ಬೀಪ್. ಭೂತಗನ್ನಡಿ ಹಿಡಿದು ನೋಡಿದರೂ ಎಲ್ಲ ನೆಟ್ಟಗೇ ಇದೆ! ಮುಚ್ಚಿ, ಸ್ವಿಚ್ಚು ಹಾಕಿದರೆ ಯಂತ್ರ ಒಮ್ಮೆ ಗುಂಯ್ ಎಂದು ಮತ್ತೆ ತಣ್ಣಗೆ.

"ಏನಮ್ಮಾ ಬೀಪಮ್ಮ, ಪ್ಯಾಸೆಂಜರು ಇಳಿದು ತಳ್ಬೇಕಾ?"

"ಸುಮ್ನಿರಿ ಮಾವ, ಉಸಿರು ಉಳಿಸ್ಕೊಳ್ಳಿ."

"ಉಳಿಸಿ ಯಾರಿಗೆ ಕೊಡ್ಲಿ?"

ಅಷ್ಟರಲ್ಲಿ ಗಂಡನ ಫೋನು. "ಅಂಗಡಿ ಮುಚ್ಚಿದೆ ಕಣೇ, ಬೇರೆ ಕಡೆ ಹೋಗ್ತಿದೀನಿ. ಅಪ್ಪ ಹೇಗಿದಾರೆ?"

"ಜೋಕು ಮಾಡ್ತಿದಾರೆ. ಬೇಗ ಬನ್ನಿ."

ಫೋನಿಟ್ಟು ನೋಡಿದರೆ ಮಾವನ ಜೋಕು ನಿಂತಿತ್ತು. ಕಣ್ಣು ಸಿಲಿಂಡರಿನ ಮುಳ್ಳಿನ ಮೇಲೆ, ತುಟಿ ಕಪ್ಪಿಟ್ಟಿದೆ. ಅವಳು ಮತ್ತೆ ಪ್ಲಗ್ಗು ಕಿತ್ತು ಬೋರ್ಡು ತೆಗೆದಳು. ಮೀಟರು ಮಾತ್ರ ಎಲ್ಲದಕ್ಕೂ ಬೀಪ್ ಬೀಪ್ ಎಂದು ತಲೆಯಾಡಿಸುತ್ತಿತ್ತು.

ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲೆಂದು ಎಡಗೈ ಎತ್ತಿದಳು, ಅಷ್ಟೇ. ಬೀಪ್ ತಟ್ಟನೆ ನಿಂತಿತು.

ಹೆಬ್ಬೆರಳು ಒತ್ತಿದಳು, ಕೂಗಿತು. ಬಿಟ್ಟಳು, ಮೌನ.

ಬೋರ್ಡು ಜಾರದ ಹಾಗೆ ಎಡ ಹೆಬ್ಬೆರಳಲ್ಲಿ ಒತ್ತುವುದು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅಂಟಿದ ಚಾಳಿ. ಬಿರುಕಿನ ಎರಡು ತುಟಿಗಳನ್ನು ಅವಳ ಬೆರಳೇ ಕೂಡಿಸಿ ಹಿಡಿದಿತ್ತು! ಬೆರಳು ತೆಗೆದು ಭೂತಗನ್ನಡಿ ಹಿಡಿದರೆ, ಒಂದು ಪಿನ್ನಿನ ಬುಡದ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕಿನ ಉಂಗುರ.

ಬೆಸುಗೆ ಕಡ್ಡಿ ಕಾಯುವವರೆಗೆ ಅವಳು ನಿಂತಲ್ಲಿ ನಿಲ್ಲಲಿಲ್ಲ. ಹಳೆಯ ಬೆಸುಗೆ ಕರಗಿಸಿ ಹೊಸದು ತುಂಬಿದಳು. ಈ ಸಲ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪರೀಕ್ಷಿಸಿದಳು. ಬೀಪ್.

ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದಳು. ಗುಂಯ್... ನಿಲ್ಲಲಿಲ್ಲ. ನಳಿಗೆಯನ್ನು ಸಿಲಿಂಡರಿನಿಂದ ಮತ್ತೆ ಯಂತ್ರಕ್ಕೆ ಬದಲಾಯಿಸಿದಳು. ಮಾವನ ತುಟಿಗೆ ನಿಧಾನವಾಗಿ ಬಣ್ಣ ಬಂತು. ಆದರೆ ಅವಳ ಎಡಗೈ ಯಾವಾಗಲೋ ಮುಚ್ಚಳದ ಮೇಲೆ ಹೋಗಿ ಕೂತಿತ್ತು. ತೆಗೆಯಲು ಧೈರ್ಯ ಸಾಲದು.

"ಕೈ ತೆಗಿಯಮ್ಮಾ," ಎಂದರು ಮಾವ.

"ನಿಂತುಹೋದ್ರೆ?"

"ನೀನು ಫುಟ್‌ಬೋರ್ಡ್ ಮೇಲೆ ನಿಂತ್ಕೊಂಡ್ರೆ ಗಾಡಿ ಹ್ಯಾಗೆ ಹೊರಡುತ್ತೆ?"

ಕಿರುಬೆರಳು ಎದ್ದಿತು. ಆಮೇಲೆ ಉಳಿದವು. ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ. ಯಂತ್ರ ಗುಂಯ್‌ಗುಡುತ್ತಲೇ ಇತ್ತು.

"ರೈಟ್, ರೈಟ್," ಎಂದು ಮಾವ ಕಣ್ಣು ಮುಚ್ಚಿದರು. ಅವಳು ಅವರ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಳು.