ಆನೆ ಹತ್ತುವ ಕಟ್ಟೆಯ ಮೇಲೆ ಕರಿಮೆಣಸು

ಹೋದ ತಿಂಗಳು ಮೆಣಸಿನ ಸಾರು ಉಣ್ಣುವಾಗ ಹಲ್ಲಿಗೆ ಕಟಕ್ಕೆಂದು ಒಂದು ಕಲ್ಲು ಸಿಕ್ಕಿತು. ಹಲ್ಲಿನದೇನು ಬಿಡಿ, ಹೊಸದು ಕಟ್ಟಿಸಬಹುದು. ಆದರೆ ಅದು ನಮ್ಮ ದೊಡ್ಡಮ್ಮ ಕೊಟ್ಟ ಮೆಣಸು. ನೀವು ದೊಡ್ಡಮ್ಮನನ್ನು ಬಲ್ಲವರಲ್ಲ, ಅದಕ್ಕೇ ಗಾಬರಿಯಾಗದೆ ಓದುತ್ತಿದ್ದೀರಿ.

ಪೇಟೆಯಲ್ಲಿ ಅವಳ ಮನೆಯೆದುರಿಗೇ ರಾಜರ ಕಾಲದ ಕಲ್ಲುಕಟ್ಟೆಯೊಂದಿದೆ. ರಾಜರು ಅದರ ಮೇಲೆ ನಿಂತು ಆನೆ ಹತ್ತುತ್ತಿದ್ದರಂತೆ. ಇಳಿಯುವುದಕ್ಕೂ ಅದೇ ಕಟ್ಟೆಯೋ ಬೇರೆಯೋ ಎಂಬುದು ನಮ್ಮೂರಲ್ಲಿ ಇನ್ನೂ ಬಗೆಹರಿದಿಲ್ಲ. ರಾಜರು ಹೋದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಕಟ್ಟೆಗೆ ಕೆಲಸ ಕೊಟ್ಟವಳು ದೊಡ್ಡಮ್ಮ. ಪೇಟೆಯಾಚೆ ಗಾಳಿಬೀಡಿನಲ್ಲಿದ್ದ ಅವಳ ತೋಟದಲ್ಲಿ ಎಲ್ಲಿ ನೋಡಿದರೂ ಮರದ ನೆರಳು, ಇಲ್ಲಿ ಬಿಸಿಲೋ ಬಿಸಿಲು. ಮೆಣಸಿನ ಕೊಯ್ಲಿಗೆ ಮೊದಲೇ ಕಟ್ಟೆಯ ಪಾಚಿ ಉಜ್ಜಿ, ಸಂದಿಯ ಹುಲ್ಲನ್ನು ಹಳೇ ಚಮಚದಲ್ಲಿ ಕೆತ್ತಿ, ತೊಳೆದು, ಮೆಣಸು ಹರವುತ್ತಿದ್ದಳು. "ಮೆಣಸಲ್ಲಿ ಒಂದು ಕಲ್ಲು ಸಿಕ್ಕಿದ್ರೆ ನನ್ನ ಮರ್ಯಾದೆ ಹೋಯ್ತು ಅಂತ್ಲೇ ಲೆಕ್ಕ," ಅನ್ನುವಳು.

ಆಗಷ್ಟೇ ಮೇಷ್ಟ್ರ ಕೆಲಸ ಸಿಕ್ಕಿದ್ದ ನನಗೋ, ಇತಿಹಾಸದ ಹುಚ್ಚು ನೆತ್ತಿಗೇರಿತ್ತು. ಸ್ಮಾರಕದ ಮೇಲೆ ಸಾಂಬಾರ ಪದಾರ್ಥ ಒಣಗಿಸುವುದು ನಾಡಿಗೇ ಅವಮಾನವೆಂದು ಮೂರು ಪುಟದ ಅರ್ಜಿ ಬರೆದು, ಹೆಸರು ಹಾಕದೆ ಪುರಾತತ್ವ ಇಲಾಖೆಯ ಕಚೇರಿಗೆ ಕಳಿಸಿದೆ. ನನ್ನ ಜನ್ಮದಲ್ಲಿ ಫಲಿಸಿದ ಅರ್ಜಿ ಅದೊಂದೇ. ಬೇಲಿ ಬಂತು, ಗೇಟು ಬಂತು, ಬೀಗ ಬಂತು, ಒಳಗೆ ಕಾಲಿಟ್ಟರೆ ದಂಡ ಎಂಬ ಬೋರ್ಡೂ ಬಂತು. ಪೊರಕೆ ಮಾತ್ರ ಬರಲಿಲ್ಲ.

ಕೆಲವೇ ಮಳೆಗಾಲದಲ್ಲಿ ಕಟ್ಟೆಯ ಮೇಲೆ ಲಂಟಾನ ಪೊದೆ ಹಬ್ಬಿತು. ಅರಳಿ ಸಸಿಯೊಂದು ಬೇರಿಳಿಸಿ ನಡುವಿನ ಚಪ್ಪಡಿಯನ್ನೇ ಎತ್ತತೊಡಗಿತು. ದೊಡ್ಡಮ್ಮ ಮೆಣಸಿಗೆಂದು ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿಕೊಂಡಳು. ದಿನಾ ಬೆಳಿಗ್ಗೆ ಬೇಲಿ ಹಿಡಿದು, ಕಾಯಿಲೆ ಹಸುವನ್ನು ನೋಡುವ ಹಾಗೆ ಕಟ್ಟೆಯನ್ನು ನೋಡುವಳು. "ಇನ್ನೊಂದು ಮಳೆ ತಡಿಯಲ್ಲ ಇದು," ಅಂದಾಗಲೆಲ್ಲ ನಾನು ಆಕಾಶ ನೋಡುತ್ತಿದ್ದೆ.

ಸಾರಿನ ಕಲ್ಲು ಸಿಕ್ಕ ದಿನ ತಡೆಯಲಾಗಲಿಲ್ಲ. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಹೋಗಿ ಅವಳ ಮುಂದೆ ತೆರೆದಿಟ್ಟೆ.

"ದೊಡ್ಡಮ್ಮ, ಆವತ್ತಿನ ಆ ಅರ್ಜಿ..."

"ಗೊತ್ತು ಕಣೋ. ಬೇಲಿ ಹಾಕೋಕೆ ಬಂದವ್ರು ತೋರಿಸಿದ್ರು. ಅಷ್ಟು ದುಂಡಕ್ಷರ ಈ ಊರಲ್ಲಿ ಇನ್ಯಾರದ್ದು?"

"ಮತ್ತೆ ಒಂದು ಮಾತೂ ಬೈಲಿಲ್ಲ?"

"ಈ ರಸ್ತೆ ಕಲ್ಲು ಯಾವತ್ತಾದ್ರೂ ನಿನ್ನ ಹಲ್ಲಿಗೇ ಸಿಗತ್ತೆ ಅಂತ ಕಾಯ್ತಿದ್ದೆ. ಹೋಗು, ಇನ್ನೊಂದು ಅರ್ಜಿ ಬರಿ."

ಕಟ್ಟೆ ಶುಚಿ ಮಾಡಲು ಅನುಮತಿ ಕೋರಿ, ಈ ಸಲ ಹೆಸರು ಹಾಕಿ ಬರೆದೆ. ಬೀಗದ ಕೈ ತಮ್ಮ ಹತ್ತಿರವೇ ಇದೆಯೆಂದು ತಿಳಿದು ಕಚೇರಿಯವರಿಗೇ ಆಶ್ಚರ್ಯವಾಯಿತು. ಎರಡು ದಿನ ನಾನು ಲಂಟಾನ ಕಡಿದೆ, ಅರಳಿಯ ಬೇರು ಬಿಡಿಸಿದೆ. ದೊಡ್ಡಮ್ಮ ಅದೇ ಚಮಚ ಹಿಡಿದು ಕೂತಳು. ಎದ್ದಿದ್ದ ಚಪ್ಪಡಿ ಸೀಳಿರಲಿಲ್ಲ, ಮತ್ತೆ ತನ್ನ ಜಾಗಕ್ಕೆ ಕೂತಿತು. ಅವಳು ಅದನ್ನು ಅಂಗೈಯಿಂದ ಸವರಿ ಎದ್ದುಹೋಗಿ, ಮೆಣಸಿನ ಚೀಲ ಎಳೆದುಕೊಂಡು ಬಂದಳು.

"ಅನುಮತಿ ಇರೋದು ಗುಡಿಸೋಕೆ ಮಾತ್ರ ದೊಡ್ಡಮ್ಮ."

"ಸರಿಯಾಗಿ ಗುಡಿಸಿದೀಯಾ ಅಂತ ಮೆಣಸು ಹರವದೆ ಹೆಂಗೋ ಗೊತ್ತಾಗೋದು?"

ಈಗ ಇದನ್ನು ಕಟ್ಟೆಯ ಮೂಲೆಯಲ್ಲಿ ಕೂತೇ ಬರೆಯುತ್ತಿದ್ದೇನೆ. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಕೋಳಿ ಓಡಿಸುವ ಕೋಲು. ಖಾಲಿ ಚೀಲ ಬೋರ್ಡಿನ ಮೇಲೆ ಒಣಗುತ್ತಿದೆ. ಬೇಲಿಯಾಚೆಯಿಂದ ಪ್ರವಾಸಿಯೊಬ್ಬ, "ಇದೇನ್ ನಡೀತಿದೆ ಸಾರ್?" ಎಂದು ಕೇಳಿದ. "ಸಂರಕ್ಷಣಾ ಕಾಮಗಾರಿ," ಎಂದು ಗಂಭೀರವಾಗಿ ಹೇಳಿ ಸೀನಿದೆ.

ದೊಡ್ಡಮ್ಮ ನನ್ನ ಕಾಲ ಕಡೆ ನೋಡಿದಳು. "ಚಪ್ಪಲಿ ಗೇಟಿನಾಚೆ ಬಿಟ್ಟು ಬಾ. ರಾಜರ ಕಟ್ಟೆ ಇದು."